ಒಂದೂ ತಪ್ಪಿಲ್ಲದ ಲೇಬಲ್

ಹಡಪಸರ, ಪುಣೆ
೯ ಜುಲೈ ೨೦೨೫

ಪ್ರೀತಿಯ ನಾಗೂ,

ನೀ ಯುಗಾದಿಗೆ ಇಂಡಿಯಿಂದ ಬರದ ಕಾಗದಕ್ಕ ನಾ ಈಗ ಆಷಾಢದಾಗ ಉತ್ತರ ಬರೀಲಿಕ್ಕೆ ಕೂತೀನಿ. ಬೈಯೂದಿದ್ರ ಬೈ, ಆದ್ರ ಪೂರ್ತಿ ಓದಿ ಆಮ್ಯಾಲ ಬೈ. ನಿನ್ನ ಮಗ ರಾಜೀವ ಫೋನ್ ಮಾಡಿದಾಗ ಹೇಳಿದ, ಕಿವಿಗೆ ಹಾಕ್ಕೊಳ್ಳೂ ಮಷೀನ್ ಕೊಡಿಸಿದ್ರೂ ನೀ ಅದನ್ನ ಕಪಾಟಿನ್ಯಾಗ ಇಟ್ಟು ಕೀಲಿ ಹಾಕೀಯಂತ. ಹಾಕ್ಕೊಳವಾ ತಾಯಿ, ಮಂದಿ ನಿನ್ನ ಜೋಡಿ ಒದರಿ ಒದರಿ ಗಂಟಲು ಹರಕೊಳ್ಳಾಕತ್ತಾರ. ಆದ್ರ ಒಂದು ಖರೆ ಹೇಳ್ಲಾ? ನಿನಗ ಫೋನ್ ಕೇಳಸೂದಿಲ್ಲ ಅಂತ ನನಗ ಒಳಗೊಳಗ ಖುಷಿನೇ ಅದ. ಇಲ್ಲಂದ್ರ ಕನ್ನಡದಾಗ ಕಾಗದ ಬರೀಲಿಕ್ಕೆ ನನಗ ಈ ಊರಾಗ ನೆವ ಎಲ್ಲಿಂದ ಬರಬೇಕು?

ನಾವು ಆರಾಮ ಇದ್ದೀವಿ. ನಮ್ಮವರ ಮೊಣಕಾಲು ನೋವು ಹಂಗೇ ಅದ, ಆದ್ರ ಪ್ರೆಸ್ಸಿಗೆ ಹೊಸ ಮಷೀನ್ ಬಂದಾಗಿಂದ ಅದನ್ನ ಅವರು ಮರ್ತಾರ. ನಾ ಕಾಗದ ಬರೀಲಿಕ್ಕೆ ತಡಾ ಆಗಿದ್ದಕ್ಕೂ ಆ ಮಷೀನೇ ಕಾರಣ. ಮನಿಗೆ ಬಂದವರಿಗೆ ನೀರು ಕೊಡೂಕಿಂತ ಮೊದ್ಲ ಪ್ರೆಸ್ಸಿಗೆ ಕರಕೊಂಡು ಹೋಗಿ ಅದನ್ನ ತೋರಸ್ತಾರ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದಾಂವಗೂ ತೋರಿಸಿದ್ರು. ಅಂವ ಪಾಪ ಹೌದ್ರೀ, ಭಾಳ ಭಾರಿ ಅದರೀ ಅಂತ ತಲಿ ಅಲ್ಲಾಡಿಸಿ ಹೋದ.

ನಿನಗೂ ಒಂದೀಟು ಹೇಳಿಬಿಡ್ತೀನಿ, ಮುಂದಿನ ಸುದ್ದಿ ತಿಳೀಲಿಕ್ಕೆ ಬೇಕಾಗ್ತದ. ನಮ್ಮದು ಲೇಬಲ್ ಛಾಪಸೂ ಪ್ರೆಸ್ಸು ಅಂತ ನಿನಗ ಗೊತ್ತದಲ್ಲ, ಎಣ್ಣಿ ಬಾಟ್ಲಿದು, ಔಷಧದ್ದು, ಉಪ್ಪಿನಕಾಯಿ ಡಬ್ಬಿದು. ಹಳೇ ಆಫ್‌ಸೆಟ್ ಮಷೀನಿನ್ಯಾಗ ಲೇಬಲ್ ಎಷ್ಟು ಉದ್ದ ಇರಬೇಕು ಅನ್ನೂದು ರೋಲರಿನ ಸುತ್ತಳತಿ ಮ್ಯಾಲ. ಗಿರಾಕಿ ಬಂದು ಡಬ್ಬಿ ಅಳತಿ ಬದಲಿ ಮಾಡೀವಿ ಅಂದ್ರ ಇಡೀ ರೋಲರ್ ಬಿಚ್ಚಬೇಕು, ನಾಕು ಮಂದಿ ಹಿಡದು ಎತ್ತಬೇಕು, ಇಲ್ಲಾ ಉಳದ ಕಾಗದ ಕತ್ತರಿಸಿ ಒಗೀಬೇಕು. ಹಿಂಗಾಗಿ ಸಣ್ಣ ಗಿರಾಕಿ ಬಂದ್ರ ಕೈ ಮುಗದು ಕಳಸ್ತಿದ್ವಿ. ಹೊಸಾದ್ರಾಗ ರೋಲರ್ ಹಂಗೇ ಇರ್ತದ, ಅದರ ಮ್ಯಾಲ ಒಂದು ಹಗುರ ಕೊಳವಿ ಏರಸ್ತಾರ. ಸ್ಲೀವ್ ಅಂತ ಅದರ ಹೆಸರು. ನಮ್ಮ ಪ್ರೆಸ್ಸಿನವರು ಮರಾಠಿಯೊಳಗ ಬಾಹಿ ಅಂತಾರ, ಅಂಗಿ ತೋಳಿಗೆ ಅಂತಾರಲ್ಲ, ಅದು. ಕೈಗೆ ಸಾಬಾಣ ಹಚ್ಚಿ ಬಳಿ ಏರಿಸಿಧಂಗ, ಗಾಳಿ ಬಿಟ್ಟ ಕೂಡ್ಲೇ ಸರ್ರನೆ ಏರ್ತದ, ಗಾಳಿ ನಿಂತ್ರ ಗಟ್ಟಿ ಹಿಡಕೋತದ. ದಪ್ಪ ಬಾಹಿ ಹಾಕಿದ್ರ ಉದ್ದ ಲೇಬಲ್, ತೆಳು ಬಾಹಿ ಹಾಕಿದ್ರ ಗಿಡ್ಡ ಲೇಬಲ್. ಕಾಗದ ಆಗಲಿ, ಪ್ಲಾಸ್ಟಿಕ್ ಆಗಲಿ, ತೆಳು ರಟ್ಟು ಆಗಲಿ, ಅದಕ್ಕೇನೂ ತಕರಾರಿಲ್ಲ. ನಾನೂ ಒಂದು ಬಾಹಿ ಎತ್ತಿ ನೋಡಿದೆ, ನಮ್ಮ ನೀರಿನ ಕೊಡಕ್ಕಿಂತ ಹಗುರ.

ನನ್ನ ಕೆಲಸ ಏನೂ ಬದಲಿ ಆಗಿಲ್ಲ. ಅದೇ ಮೂಲ್ಯಾಗ ಅದೇ ಮೇಜು, ಅದೇ ಕೆಂಪು ಪೆನ್ನು, ಅದೇ ಪ್ರೂಫ್ ತಿದ್ದೂದು. ಮರಾಠಿ, ಹಿಂದಿ, ಕನ್ನಡ ಮೂರೂ ನಾನೇ ನೋಡ್ತೀನಿ. ಕನ್ನಡ ಓದಲಿಕ್ಕೆ ಬರೂದು ಇಡೀ ಪ್ರೆಸ್ಸಿನ್ಯಾಗ ನನಗೊಬ್ಬಾಕಿಗೆ. ನಮ್ಮವರು ಸೋಲಾಪುರದಾಗ ಮರಾಠಿ ಸಾಲಿ ಕಲ್ತವರು, ಕನ್ನಡ ಮಾತಾಡ್ತಾರ, ಅಕ್ಷರ ಬರೂದಿಲ್ಲ. ಸಾಲ್ಯಾಗ ಉಕ್ತಲೇಖನ ಬರಸ್ತಿದ್ರಲ್ಲ, ನಿನಗ ಒಂದು ತಪ್ಪು ಬಂದು ನನಗ ಒಂದೂ ಇರಲಾರದಾಗ ನೀ ನನ್ನ ಪಾಟಿ ಒರಸಿದ್ದಿ, ನೆನಪದ? ಆ ಗರ್ವ ನನಗ ಇನ್ನೂ ಹೋಗಿಲ್ಲ. ಮಂದಿ ಲಗ್ನಪತ್ರ ಕೊಟ್ರ ತಾರೀಖು ಬಿಟ್ಟು ಕಾಗುಣಿತ ನೋಡ್ತೀನಿ. ನಮ್ಮಲ್ಲಿ ಕಂಪ್ಯೂಟರ್ ಮ್ಯಾಲ ಡಿಸೈನ್ ಮಾಡಾಂವ ದತ್ತು ಅಂತ ಒಬ್ಬ ಮರಾಠಿ ಮನಷ್ಯಾ ಇದ್ದಾನ, ಮಕ್ಕಳ ಮದಿವಿ ಮಾಡೂ ವಯಸ್ಸು. ನನ್ನ ಕೆಂಪು ಪೆನ್ನು ಕಂಡ್ರ ಅಂವಗ ಬಿಪಿ ಏರ್ತದಂತ.

ಇನ್ನ ನಮ್ಮ ಮನಿ ಹುಡುಗಿ ಶೀತಲ್ ಸುದ್ದಿ. ನೀ ಕಾಗದದಾಗ ಕೇಳಿದ್ದಿಯಲ್ಲ, ಹುಡುಗಿ ನೌಕರಿ ಬಿಟ್ಳಂತ ಹೌದೇನು ಅಂತ. ಹೌದು. ಕಂಪನಿ ಕೆಲಸ ಬಿಟ್ಟು ಕಾತ್ರಜದಾಗ ಒಂದು ಶೆಡ್ ಹಿಡದಾಳ. ಹೆಣ್ಣಮಕ್ಕಳನ್ನ ಇಟ್ಟುಕೊಂಡು ಚಟ್ನಿ ಪುಡಿ ಮಾಡಿಸಿ ಡಬ್ಬಿ ತುಂಬಸ್ತಾಳ. ಶೇಂಗಾ, ಗುರೆಳ್ಳು, ಅಗಸಿ, ಎಲ್ಲಾ ನಮ್ಮ ಕಡೆ ಚಟ್ನಿ. ಮಾಡೂ ಪದ್ಧತಿ ನನ್ನದೇ. ಬಂದು ಅಡಗಿಮನ್ಯಾಗ ಕೂತು ಕೇಳ್ತಿದ್ಳು. ನಾ ಉಪ್ಪು ಅಂದಾಜು ಹಾಕಬೇಕು ಅಂದ್ರ, ಅಂದಾಜು ಅಂದ್ರ ಎಷ್ಟು ಗ್ರಾಮ್ ಅಂತ ತಕ್ಕಡಿ ಮುಂದಿಡ್ತಿದ್ಳು. ನನಗ ಸಿಟ್ಟು ಬಂದು ಕೈಯೊಳಗ ಇದ್ದ ಉಪ್ಪನ್ನ ತಕ್ಕಡ್ಯಾಗ ಒಗದು, ಇಷ್ಟು ಅಂತಿದ್ದೆ. ಅದನ್ನೇ ತೂಕ ಮಾಡಿಕೊಂಡು ಹೋಗ್ಯಾಳ.

ಅಕಿ ಆ ಚಟ್ನಿಗೆ ಇಟ್ಟ ಹೆಸರು 'ತಾಈ'. ಮರಾಠಿಯೊಳಗ ತಾಈ ಅಂದ್ರ ಅಕ್ಕ. ಅಕಿ ನನಗ ಕರಿಯೂದು ಹಂಗೇ.

ಅದರ ಹಿಂದಿನ ಕಥಿ ನಿನಗ ಅರ್ಧಾ ಗೊತ್ತು. ಶೀತಲ್‌ನ ಹಡದಾಕಿ ಭೋರ ಊರಿನ ಮರಾಠಿ ಮನಿ ಮಗಳು. ಅಕಿ ತೀರಿಕೊಂಡ ಮ್ಯಾಲ ನಾ ಈ ಮನಿಗೆ ಎರಡನೇದಾಕಿ ಆಗಿ ಬಂದೆ. ಆಗ ಕೂಸು ಇನ್ನೂ ಸಣ್ಣ ಸಾಲಿ. ಮದಿವಿ ಆದ ಮರುದಿನ ಭೋರದ ಅಜ್ಜಿ ಕೂಸಿನ ಕೈ ಹಿಡದು ನನ್ನ ಮುಂದ ನಿಲ್ಲಿಸಿ, "ಆಈ ಒಬ್ಬಾಕೇ ಇರ್ತಾಳ. ಇಕಿಗೆ ನೀ ತಾಈ ಅನ್ನು" ಅಂದ್ಳು. ಆಈ ಅಂದ್ರ ಮರಾಠಿಯೊಳಗ ಅವ್ವ. ಆ ಮುದುಕಿ ಹೇಳಿದ್ದು ತಪ್ಪಲ್ಲ, ಸತ್ತ ಮಗಳ ಜಾಗಾ ಕಾಯ್ದಳು. ಅವತ್ತಿನಿಂದ ನಾ ತಾಈ. ಹಲ್ಲು ಬಿದ್ರೂ ತಾಈ, ಜ್ವರ ಬಂದ್ರೂ ತಾಈ, ಕಾಲೇಜು ಮುಗಿಸಿ ಪದವಿ ಹಿಡಕೊಂಡು ಬಂದಾಗೂ ತಾಈ. ನನಗ ಮಕ್ಕಳಾಗಲಿಲ್ಲ, ಹಿಂಗಾಗಿ ಆ ಇನ್ನೊಂದು ಮಾತು ಬ್ಯಾರೆ ಯಾರ ಬಾಯಿಂದನೂ ಕೇಳಿಲ್ಲ. ಮೊದ್ಲ ಮೊದ್ಲ ಆಸೆ ಪಟ್ಟೆ, ನಿನ್ನ ಮುಂದ ಸುಳ್ಯಾಕ ಹೇಳ್ಲಿ. ಒಂದು ಸಲ ಅಂದ್ರ ಸಾಕು, ಆಮ್ಯಾಲ ಬೇಕಾದ್ದು ಕರೀಲಿ ಅನಸ್ತಿತ್ತು. ಆಮ್ಯಾಲ ಬಿಟ್ಟುಕೊಟ್ಟೆ. ತಾಈ ಅಂತ ಕರದ್ರೂ ಅಕಿ ನನ್ನ ಎಂದೂ ಹೊರಗಿನಾಕಿ ಮಾಡಿಲ್ಲ.

ಚಟ್ನಿಗೆ ತಾಈ ಅಂತ ಇಡ್ತೀನಿ ಅಂತ ಹೇಳಲಿಕ್ಕೆ ಬಂದಾಗ ಅಕಿ ನನ್ನ ಮಾರಿ ನೋಡಿಕೋತ ನಿಂತಿದ್ಳು. ನನ್ನ ಬಾಯಿ ನಿನಗ ಗೊತ್ತದಲ್ಲ. "ಪುಣೇದಾಗ ಗಲ್ಲಿಗೊಬ್ಬಾಕಿ ತಾಈ ಇದ್ದಾಳ, ಬ್ಯಾರೆ ಹೆಸರು ಸಿಗಲಿಲ್ಲೇನು" ಅಂದೆ. ಅಕಿ ನಕ್ಳು. ಹೆಸರು ಅದೇ ಉಳೀತು.

ಮರಾಠಿ ಲೇಬಲ್ ಹಳೇ ಮಷೀನಿನ್ಯಾಗೇ ಆಗಿತ್ತು. ಈಗ ವಿಜಯಪುರ, ಬೆಳಗಾವಿ ಕಡೆ ಅಂಗಡಿಯವರು ಡಬ್ಬಿ ಕೇಳಾಕತ್ತಾರಂತ, ಅದಕ್ಕ ಕನ್ನಡ ಲೇಬಲ್ ಬೇಕು, ಅದೂ ಸ್ವಲ್ಪೇ ಸ್ವಲ್ಪ, ಡಬ್ಬಿ ಅಳತಿನೂ ಬ್ಯಾರೆ. ಮೊದಲಾಗಿದ್ರ ನಮ್ಮವರು ಮಗಳಿಗೂ ಕೈ ಮುಗೀತಿದ್ರೇನೋ. ಈಗ ಬಾಹಿ ಅದ, ಯಾವ ಚಿಂತಿನೂ ಇಲ್ಲ, ಹೊಸ ಮಷೀನಿನ ಮೊದಲನೇ ಕನ್ನಡ ಕೆಲಸ ನಮ್ಮ ಶೀತಲ್‌ದೇ ಆಗಲಿ ಅಂತ ಅವರೇ ತಾರೀಖು ಹಿಡದ್ರು. ಕರ್ನಾಟಕದಾಗ ಈ ಮೊದಲನೇ ಮಾಲು ನಿಂತ್ರ ಅಕಿ ಶೆಡ್ಡು ನಿಂತಂಗ. ನನಗೂ ಅಷ್ಟೇ ಕಾಳಜಿ ಇತ್ತು. ಅಕ್ಷರದ ತಪ್ಪಿನಿಂದ ಹುಡುಗಿ ನಗೆಪಾಟಲಾಗಬಾರದು.

ಶೀತಲ್ ಕಳಿಸಿದ್ದನ್ನ ದತ್ತು ಛಾಪಿಸಿ ನನ್ನ ಮೇಜಿನ ಮ್ಯಾಲ ಇಟ್ಟ. "ಮ್ಯಾಡಮ್, ಡಬ್ಬಿ ಮ್ಯಾಲ ಪುಡಿ ಅಂತ ಬರದದ ಅಂತ ಶೀತಲ್ ಮ್ಯಾಡಮ್ ಹೇಳಿದ್ರು, ಯಾಕ, ಪುಡಿ ಅಂದ್ರ ಕಾಗದದ ಪೊಟ್ಟಣ ಅಲ್ಲೇನು" ಅಂತ ಕೇಳಿದ. ನಿಮ್ಮ ಮರಾಠಿಯೊಳಗ ಪೊಟ್ಟಣ, ನಮ್ಮ ಕನ್ನಡದಾಗ ಕುಟ್ಟಿದ್ದು ಅಂತ ತಿಳಿಸಿ ಹೇಳಿದೆ. ಹೇಳಿಕೋತ ಪ್ರೂಫಿನ ಮ್ಯಾಲಿನ ಹೆಸರು ನೋಡಿದೆ. 'ತಾಈ' ಅಂತ ಇರಬೇಕಾದಲ್ಲಿ ದೊಡ್ಡದಾಗಿ 'ತಾಯಿ' ಅಂತ ಇತ್ತು.

ಎದಿ ಝಲ್ ಅಂತು ನಾಗೂ. ನಿನಗ ಹೇಳ್ಲಿಕ್ಕೆ ನಾಚಿಕಿ ಏನದ. ಆ ಪ್ರೂಫನ್ನ ಬೆಳಕಿಗೆ ಹಿಡದು ಮತ್ತೊಮ್ಮೆ ಓದಿದೆ. ಆಮ್ಯಾಲ ನನ್ನ ನಾನೇ ಬೈಕೊಂಡೆ. ಹುಡುಗಿಗೆ ಕನ್ನಡ ಓದಲಿಕ್ಕೆ ಬರೂದಿಲ್ಲ. ಫೋನಿನ್ಯಾಗ ಇಂಗ್ಲಿಷ್ ಅಕ್ಷರದಾಗ ತಾಈ ಅಂತ ಒತ್ತಿದ್ರ ಅದು ತಾನೇ ತಾಯಿ ಅಂತ ತಿದ್ದಿ ಕೊಡ್ತದ, ಇದನ್ನ ನಾ ದಿನಾ ನೋಡ್ತೀನಿ. ಅಕ್ಷರ ಬ್ಯಾರೆ ಸೊಟ್ಟ. ತ ಒಂದು ಕಡೆ ವಾಲಿತ್ತು, ಯಿ ಹೊಟ್ಟಿ ಉಬ್ಬಿಸಿಕೊಂಡು ಕೂತಿತ್ತು. ಎಲ್ಲಿಂದ ತಂದೀ ಈ ಪುಕ್ಕಟ ಫಾಂಟು ಅಂತ ದತ್ತುಗ ಬೈದೆ. "ಫಾಂಟ್ ಅಲ್ರೀ ಮ್ಯಾಡಮ್, ಅದು ಚಿತ್ರ ಆಗಿ ಬಂದದ, ಶೀತಲ್ ಮ್ಯಾಡಮ್ ಹಂಗೇ ಕಳಿಸ್ಯಾರ" ಅಂದ. ಚಿತ್ರ ಆದ್ರೇನು, ತಪ್ಪು ತಪ್ಪೇ ಅಂದೆ.

ಹಂಗೇ ಬಿಟ್ಟಿದ್ರ ಏನಾಗ್ತಿತ್ತು ಹೇಳು. ವಿಜಯಪುರದ ಅಂಗಡ್ಯಾಗ 'ತಾಯಿ' ಅಂತ ಡಬ್ಬಿ ಕೂಡ್ತಿದ್ವು. ಯಾವತ್ತರೆ ಒಂದಿನ ಯಾರರೆ ಶೀತಲ್‌ಗ ಅದರ ಅರ್ಥ ಹೇಳ್ತಿದ್ರು. ಕನ್ನಡ ಬಲ್ಲಾಕಿ ಇಕಿ ಒಬ್ಬಾಕಿ, ಕಂಡೂ ಕಾಣಧಂಗ ಬಿಟ್ಟು ನನ್ನ ಆಈ ಜಾಗಾದಾಗ ತಾನೇ ಹೋಗಿ ಕೂತ್ಳು ಅಂತ ಹುಡುಗಿಗೆ ಅನಸ್ತಿತ್ತೋ ಇಲ್ಲೋ? ಇಷ್ಟು ವರ್ಷ ಕಾಯ್ದ ಮರ್ಯಾದಿ ಒಂದು ಡಬ್ಬಿ ಚಟ್ನ್ಯಾಗ ಹೋಗಬಾರದು. ಕೆಂಪು ಪೆನ್ನು ತಗೊಂಡು 'ತಾಯಿ' ಹೊಡದು, ಕನ್ನಡ ಮಂದಿಗೆ ತಾಈ ಅಂದ್ರ ಏನು ಅಂತ ತಿಳೀಬೇಕಲ್ಲ ಅಂತ ಬಾಜೂಕ 'ಅಕ್ಕ' ಅಂತ ಬರದೆ. ಶೀತಲ್ ಮ್ಯಾಡಮ್‌ಗ ತೋರಸೂಣೇನು ಅಂತ ದತ್ತು ಕೇಳಿದ. ಅಕಿಗೆ ಓದಲಿಕ್ಕೆ ಎಲ್ಲಿ ಬರ್ತದೋ, ಛಾಪಸೂ ಪ್ಲೇಟ್ ಮಾಡು ಅಂದೆ.

ಛಾಪಸೂ ದಿನ ಶೀತಲ್ ಕಾತ್ರಜದಿಂದ ಸ್ಕೂಟರ್ ಮ್ಯಾಲ ಬಂದ್ಳು. ಬಂದಾಕಿನೇ ಅಪ್ಪಗ ಪೇಢಾ ತಿನಿಸಿ ಮಷೀನಿನ ಕಡೆ ಹೋದ್ಳು. ರೋಲಿನ ತುದಿ ಹಿಡದು ಲೇಬಲ್ ನೋಡಿದ್ಳು. ಭಾಳ ಹೊತ್ತು ನೋಡಿದ್ಳು. "ತಾಈ, ನಾ ಕಳಿಸಿದ್ದು ಇದಲ್ಲ" ಅಂತ ಮರಾಠಿಯೊಳಗ ಅಂದ್ಳು. ಓದಲಿಕ್ಕೆ ಬರದಿದ್ರೂ ಅಕ್ಷರದ ಆಕಾರ ನೆನಪಿಟ್ಟಿದ್ಳು ನೋಡು, ಮೊದಲಿಂದನೂ ಚುರುಕು. ನಾ ಕೂಡಿಸಿ ತಿಳಿಸಿ ಹೇಳಿದೆ. ನೀ ಕಳಿಸಿದ್ರಾಗ ಆಈ ಅನ್ನೂ ಅರ್ಥ ಬಂದಿತ್ತು, ಫೋನ್ ತಪ್ಪು ಮಾಡ್ಯದ, ತಾಈಗೆ ಕನ್ನಡದಾಗ ಅಕ್ಕ ಅಂತಾರ, ಸರಿ ಮಾಡೀನಿ ಅಂದೆ.

"ಹೌದೇನು" ಅಂದ್ಳು. ಆಮ್ಯಾಲ, "ಕನ್ನಡ ನಿನಗ ತಿಳೀತದ" ಅಂದ್ಳು. ಎದ್ದು ಮಷೀನಿನ ಮುಂದ ಹೋಗಿ, ಈಗ ಮಷೀನ್ ಮ್ಯಾಲ ಏರ್ಯದಲ್ಲ, ಇನ್ನ ಬದಲಿ ಮಾಡ್ಲಿಕ್ಕೆ ಬರ್ತದೇನು ಅಂತ ಕೇಳಿದ್ಳು. ಯಾಕ ಬರೂದಿಲ್ಲ, ಈ ಮಷೀನ್ ಇರೂದೇ ಅದಕ್ಕ ಅಂದೆ. ಉದ್ದ ಬದಲಿ ಆದ್ರ ಬಾಹಿ ತಗೀತೀವಿ, ಅಕ್ಷರ ಬದಲಿ ಆದ್ರ ಆ ಒಂದು ಬಣ್ಣದ ಪ್ಲೇಟ್ ತಗೀತೀವಿ, ಚಾ ಕುಡಿಯೂದ್ರೊಳಗ ಆಗ್ತದ ಅಂತ ನಮ್ಮವರಂಗ ನಾನೂ ಜಂಬ ಕೊಚ್ಚಿದೆ. "ಆದ್ರ ಸರಿ ಇದ್ದದ್ದನ್ನ ಯಾಕ ಬದಲಿ ಮಾಡೂದು?" ಅಂದೆ. "ಏನಿಲ್ಲ, ಸುಮ್ನ ಕೇಳಿದೆ" ಅಂದ್ಳು. ಚಾ ಇಟ್ಟಿದ್ದೆ, ಕೆಲಸ ಅದ ಅಂತ ಕುಡೀಲಾರದೇ ಹೋದ್ಳು. ಲೇಬಲ್ ಮಾತ್ರ ಭಾಳ ಛಂದ ಬಂದಾವ, ಶೇಂಗಾ ಕಾಳಿನ ಬಣ್ಣ ಖರೇನ ಶೇಂಗಾದಂಗ ಅದ.

ನಿಮ್ಮ ಓಣಿ ಸಂಜು ಇಲ್ಲೆ ಹಡಪಸರದಾಗೇ ಕೆಲಸಕ್ಕಿದ್ದಾನಲ್ಲ, ಅಂವ ಇಂಡಿಗೆ ಬರಾಂವಿದ್ದಾನ. ಅವನ ಕೈಯಾಗ ಈ ಕಾಗದ, ಎರಡು ಡಬ್ಬಿ ಚಟ್ನಿ ಕಳಸ್ತೀನಿ. ಲೇಬಲ್ ಓದಿ, ಎಲ್ಲೆರೆ ತಪ್ಪು ಸಿಕ್ರ ಬರಿ. ಸಿಗೂದಿಲ್ಲ. ನಿನ್ನ ಮೊಮ್ಮಗಳಿಗೆ ಕೈತುಂಬ ವಿದ್ಯಾ ಬರ್ಲಿ, ರಾಜೀವನ ಮನಿ ತುಂಬಿರ್ಲಿ, ನಿನಗ ಬೇಕಾದವರ ಮಾತು ಅಷ್ಟರೆ ಕಿವಿಗೆ ಬೀಳ್ಲಿ ಅಂತ ಇಲ್ಲಿಂದಲೇ ಬೇಡ್ಕೋತೀನಿ.

ನಿನ್ನ
ಶೈಲಾ

ತಾ. ಕ. — ೨೬ ಜುಲೈ

ಸಂಜು ಬರೂದು ಮುಂದ ಹೋತು, ಕಾಗದ ಚಟ್ನಿ ಡಬ್ಬಿ ಜೋಡಿ ಚೀಲದಾಗೇ ಉಳೀತು. ಈಗ ಅಂವ ಹೊಂಟಾನ. ಮ್ಯಾಲ ಬರದದ್ದನ್ನ ಹರದು ಒಗೀಬೇಕಂದೆ, ಆದ್ರ ನಾ ಎಂಥಾಕಿ ಅಂತ ನಿನಗೊಬ್ಬಾಕಿಗರೆ ಗೊತ್ತಿರ್ಲಿ.

ಹೋದ ವಾರ ಶೀತಲ್‌ನ ಗೆಳತಿ ಇಂಪನಾ ಬಂದಿದ್ಳು, ಮೊದಲು ಅಕಿ ಜೋಡಿ ಕಂಪನ್ಯಾಗ ಇದ್ದ ಮೈಸೂರ ಹುಡುಗಿ. ಊರಿಗೆ ಒಯ್ಲಿಕ್ಕೆ ಚಟ್ನಿ ಬೇಕು ಅಂತ ಬಂದಾಕಿ ಡಬ್ಬಿ ತಿರುವಿ ನೋಡಿ, "ಆಂಟಿ, ಲೇಬಲ್ ಯಾಕೆ ಚೇಂಜ್ ಮಾಡ್ಬಿಟ್ರಿ? ತಾಯಿ ಅಂತಾನೇ ಇರಬೇಕಿತ್ತಲ್ವಾ?" ಅಂದ್ಳು. ಫೋನ್ ಮಾಡಿದ ತಪ್ಪು ಅಂತ ನಾ ಅಂದೆ.

"ಫೋನ್ ಅಲ್ಲ ಆಂಟಿ, ಅವಳೇ ಬರೆದಿದ್ದು. ನನ್ನ ಹತ್ರ ಕೇಳಿ ಕಲಿತ್ಕೊಂಡ್ಲು. ತಾಯಿ ಅಂದ್ರೆ ಅಮ್ಮ ಕಣೇ, ನಿಂಗೆ ಬೇಕಾಗಿರೋದು ಅಕ್ಕ ಅಲ್ವಾ ಅಂತ ನಾನೇ ಹೇಳ್ದೆ. ಗೊತ್ತು, ಅದಕ್ಕೇ ಬೇಕು ಅಂದ್ಲು. ಭಾನುವಾರ ಎಲ್ಲಾ ಕೂತ್ಕೊಂಡು ಅದನ್ನೇ ಬರೀತಿದ್ಲು, ಯಿ ಬರ್ತಾನೇ ಇರ್ಲಿಲ್ಲ ಪಾಪ. ಬಾಯಲ್ಲಿ ಹೇಳೋಕೆ ನಂಗೆ ಆಗಲ್ಲ, ಪ್ರೂಫ್ ಅವರೇ ಓದೋದಲ್ವಾ, ಓದಿದಾಗ ಗೊತ್ತಾಗತ್ತೆ ಅಂದ್ಲು. ನಿಮಗೆ ಹೇಳಬಾರ್ದು ಅಂತ ಆಣೆ ಹಾಕ್ಸಿದ್ಲು, ಲೇಬಲ್ ಬಂತಲ್ಲ ಇನ್ನೇನು ಅಂತ ಹೇಳ್ಬಿಟ್ಟೆ."

ಆ ಹುಡುಗಿಗೆ ಡಬ್ಬಿ ಕೊಟ್ಟು ಕಳಿಸಿ ಒಳಗ ಹೋಗಿ ಅತ್ತೆ. ಭಾಳ ಅತ್ತೆ ನಾಗೂ. ಸೊಟ್ಟ ಫಾಂಟು ಅಂತ ನಾ ಬೈದಿದ್ದು ಅಕಿ ಕೈಬರಹಕ್ಕ. ಬದಲಿ ಮಾಡ್ಲಿಕ್ಕೆ ಬರ್ತದೇನು ಅಂತ ಅಕಿ ಮಷೀನಿನ ಮುಂದ ನಿಂತು ಕೇಳಿದ್ರ ನಾ ಪ್ಲೇಟಿನ ಸುದ್ದಿ ಹೇಳಿದೆ. ಇಷ್ಟು ವರ್ಷಕ್ಕ ಒಂದು ಸಲ ನನ್ನ ತಾಯಿ ಅಂದ್ಳು, ನಾ ಅದನ್ನ ತಪ್ಪು ಅಂತ ತಿದ್ದಿದೆ.

ಮುಂದಿನ ಮಾಲಿಗೆ ಹಳೇ ಚಿತ್ರ ಹಾಕಿಬಿಡು ಅಂತ ದತ್ತುಗ ಹೇಳೂಣಂತ ಎದ್ದೆ. ಆಮ್ಯಾಲ ಕೂತೆ. ಅಕಿ ಕೊಟ್ಟಾಗ ತಗೊಳ್ಳಲಾರದಾಕಿ ಈಗ ನಾನೇ ಎತ್ತಿ ಹಚ್ಚಿಕೊಳ್ಳಲೇನು? ಕೇಳಿ ಇಸಕೊಳ್ಳೂ ಮಾತಲ್ಲ ಅದು. ಮತ್ತೊಮ್ಮೆ ಅಕಿನೇ ಕಳಸ್ತಾಳ ಅಂತ ದಾರಿ ನೋಡಿದೆ.

ಇವತ್ತು ಮುಂಜಾನೆ ಹೊಸ ಲೇಬಲ್ ಬಂತು. ಅಗಸಿ ಚಟ್ನಿದು, ಡಬ್ಬಿ ಬ್ಯಾರೆ, ಬಾಹಿನೂ ಬ್ಯಾರೆ. ಈ ಸಲ ಶೀತಲ್ ತಾನೇ 'ಅಕ್ಕ' ಅಂತ ಟೈಪ್ ಮಾಡಿ ಕಳಿಸ್ಯಾಳ. ಕಂಪ್ಯೂಟರಿನ ಅಕ್ಷರ, ದುಂಡಗ, ನೆಟ್ಟಗ. ಎಲ್ಲೆರೆ ಒಂದು ತಪ್ಪು ಸಿಗಲಿ ಅಂತ ಮ್ಯಾಲಿಂದ ತೆಳಗಿನತನಕ ಹುಡುಕಿ ಹುಡುಕಿ ಓದಿದೆ. ಒಂದೂ ಇರಲಿಲ್ಲ. ಸಹಿ ಹಾಕಿ ದತ್ತುಗ ಕೊಟ್ಟೆ.